ಬೀರೋಬನ ಮುಂದೆ ಮೂರು ಸಲ ಎದ್ದ ಕಂದೀಲು

ಅರ್ಧ ಡಜನ್ ಫೋಟೋ ಗಾಜಿಗೆ ಒಂದೂವರೆ ರೂಪಾಯಿ, ಅಂದರೆ ಒಂದಕ್ಕೆ ನಾಲ್ಕಾಣೆ. ತೊಳೆಯುವ ಔಷಧಕ್ಕೆ ಎರಡಾಣೆ. ಕೆಂಪು ದೀಪದ ಎಣ್ಣೆ ಬೇರೆ. ಅಮೃತಪ್ಪ ಮಾಸ್ತರರು ರಾತ್ರಿ ತೆಗೆಯುವ ಒಂದು ಫೋಟೋದ ಖರ್ಚಿನಲ್ಲಿ ನನ್ನ ಖಾನಾವಳಿಯಲ್ಲಿ ಇಬ್ಬರು ಗಿರಣಿಯವರು ಹೊಟ್ಟೆ ತುಂಬ ಉಂಡು ಏಳಬಹುದು. ಮೇಲೆ ಮಾಸ್ತರರ ನಿದ್ದೆ ಹೋಗುತ್ತದೆ, ನೆಗಡಿ ಬರುತ್ತದೆ.

ಅದಕ್ಕೇ ಅವರು ಆರೂ ಗಾಜು ಮುಗಿಯುವವರೆಗೆ ಒಂದನ್ನೂ ತೊಳೆಯುವವರಲ್ಲ. ಔಷಧ ಒಮ್ಮೆ ಕಲೆಸಿದರೆ ಆರನ್ನೂ ತೊಳೆದು ಮುಗಿಸಬೇಕು, ಇಲ್ಲವಾದರೆ ದಂಡ. ಸೋಮವಾರ ರಾತ್ರಿ ನನ್ನ ಮಾಳಿಗೆಯ ಮೇಲಿಂದ ತೆಗೆದ ಗಾಜು ಶುಕ್ರವಾರ ಮಧ್ಯಾಹ್ನದವರೆಗೆ ಕರಿ ಡಬ್ಬಿಯಲ್ಲೇ ಉಳಿದದ್ದು ಹಾಗೆ.

"ಇನ್ನೂ ಎರಡು ಉಳದಾವ್ರಿ ಬಾಯಾರ," ಎಂದರು ಮಾಸ್ತರರು, ಜೋಳದ ಚೀಲಗಳ ನಡುವೆ ನಿಂತು. ನನ್ನ ಉಗ್ರಾಣವೇ ಅವರ ಕತ್ತಲೆ ಕೋಣೆ. "ಇಷ್ಟು ಗಡಿಬಿಡಿ ಯಾಕ?"

"ನಾಳೆ ಆ ಧೂಳಪ್ಪನ್ನ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಸ್ತಾರ. ಆಮ್ಯಾಲ ಸೆಷನ್ಸು, ಆಮ್ಯಾಲ ಹಗ್ಗ. ಔಷಧದ ರೊಕ್ಕಾ ನಾ ಕೊಡ್ತೀನಿ. ತೊಳೀರಿ."

ಸೋಮವಾರ ರಾತ್ರಿ ಎದುರಿನ ಹತ್ತಿ ಜಿನ್ನಿನಲ್ಲಿ ಆಳುಗಳ ಮೇಲಿನ ಮುಕಾದಮ ನಾಗಣ್ಣನ ತಲೆ ಒಡೆದು ಹೊಂಡಕ್ಕೆ ನೂಕಿದ್ದರು. ಮಂಗಳವಾರ ಜಿನ್ನಿನ ರಾತ್ರಿ ಕಾವಲುಗಾರ, ತಡವಳದ ಧೂಳಪ್ಪನ ಕೈಗೆ ಬೇಡಿ ಬಿದ್ದಿತ್ತು.

ಮಾಸ್ತರರು ಕೆಂಪು ದೀಪ ಹಚ್ಚಿದರು. ಬಾಗಿಲು ಹಾಕಿಕೊಂಡರು. ನಾನು ಹೊರಗೆ ಅಂಗಳದಲ್ಲಿ ಕೂತೆ.

ಧೂಳಪ್ಪನ ಹೆಂಡತಿ ಬೀರವ್ವ ಮುಂಜಾನೆಯಿಂದ ಅಲ್ಲೇ ಕಟ್ಟೆಗೆ ಆತು ಕೂತಿದ್ದಳು. ಮುಂದಿಟ್ಟ ರೊಟ್ಟಿ ಒಣಗಿತ್ತು. ಲಾಕಪ್ಪಿಗೆ ಗಂಡನ ಬುತ್ತಿ ಒಯ್ದು ಬರುವುದೊಂದೇ ಮೂರು ದಿನದಿಂದ ಅವಳ ಕೆಲಸ.

"ಗಾಜಿನಾಗ ನಮ್ಮಂವ ಕಾಣ್ತಾನೇನ್ರಿ ಅಕ್ಕಾರ?"

"ನೋಡೂಣು ತಂಗಿ. ಕಾಣದಿದ್ರನ ಚಲೋ."

ಮುಕ್ಕಾಲು ತಾಸಿನ ಮೇಲೆ ಮಾಸ್ತರರು ಹೊರಬಂದರು. ಹಸಿ ಗಾಜನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಬೆಳಕಿಗೆ ಎತ್ತಿದರು. ಅವರ ಬೆರಳು ಸಣ್ಣಗೆ ನಡುಗುತ್ತಿದ್ದವು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವ ಕೈ ಅದು, ಹಾಗೆಲ್ಲ ನಡುಗುವುದಲ್ಲ. ಚಳಿಗೆ ಇರಬೇಕು ಎಂದುಕೊಂಡೆ.

ಗಾಜಿನ ಮೇಲೆ ಎಲ್ಲ ತಿರುವುಮುರುವು. ಬೆಳಕಿದ್ದದ್ದು ಕಪ್ಪು, ಕತ್ತಲಿದ್ದದ್ದು ಬಿಳುಪು. ಹಿಂದಿನ ದೊಡ್ಡ ಗಿರಣಿಯಲ್ಲಿ ರಾತ್ರಿ ಪಾಳಿ ನಡೆದಿತ್ತಲ್ಲ, ಅದರ ಕಿಟಕಿಗಳೆಲ್ಲ ಕಪ್ಪು ಚೌಕಗಳಾಗಿ ಸಾಲಾಗಿ ನಿಂತಿದ್ದವು. ಅದರ ಮುಂದೆ ಜಿನ್ನಿನ ಅಂಗಳ. ಎಡಕ್ಕೆ ಗೇಟು, ಗೇಟಿನ ದೀಪ. ನಡುವೆ ಬೇವಿನ ಮರ, ಅದರ ಬುಡಕ್ಕೆ ಕುರುಬರ ದೇವರು ಬೀರೋಬನ ಕಲ್ಲು. ಬಲಕ್ಕೆ ಗಿರಣಿಯ ಗೋಡೆಗೆ ಹತ್ತಿದ ಹೊಂಡ.

"ಮಂದಿ ಎಲ್ಲಿ?" ಎಂದೆ.

"ನಡದವರು ಬೀಳೂದಿಲ್ರಿ. ಅರ್ಧ ತಾಸು ಕ್ಯಾಮೆರಾದ ಕಣ್ಣು ತೆರದಿರತದ. ಅಷ್ಟರಾಗ ಜಾತ್ರಿನ ಹಾದು ಹೋದ್ರೂ ಒಬ್ಬನೂ ಮೂಡೂದಿಲ್ಲ. ಅಲುಗಾಡದ ನಿಂತದ್ದು ಮೂಡತದ. ಬೆಳಕು ಮಾತ್ರ ನಡದ್ರೂ ತನ್ನ ಹಾದಿ ಬರಕೋತ ಹೋಗತದ. ಇಲ್ಲಿ ನೋಡ್ರಿ."

ಗೇಟಿನಿಂದ ಒಂದು ಕಪ್ಪು ಎಳೆ ಹೊರಟಿತ್ತು. ಹೆಂಗಸಿನ ತಲೆಗೂದಲು ಅಂಟಿದಂತೆ. ಸಣ್ಣಗೆ ಅಲೆಯಾಡುತ್ತ, ಯಾವುದೋ ರಾಶಿಯ ಹಿಂದೆ ಅಡಗಿ, ಮತ್ತೆ ಕಾಣಿಸಿಕೊಂಡು ಬೇವಿನ ಮರಕ್ಕೆ ಬಂದಿತ್ತು. ಬೀರೋಬನ ಕಲ್ಲಿನ ಮುಂದೆ ಆ ಎಳೆ ಮೇಲಕ್ಕೆದ್ದು ಕೆಳಗಿಳಿದಿತ್ತು. ಮತ್ತೆ ಎದ್ದು ಇಳಿದಿತ್ತು. ಮತ್ತೊಮ್ಮೆ.

ಮೂರು ಸಲ.

ಆಮೇಲೆ ನೆಟ್ಟಗೆ ಹೊಂಡಕ್ಕೆ.

ಧೂಳಪ್ಪ ಕಂದೀಲು ಹಿಡಿದು ಬೇವಿನ ಮರದ ಮುಂದೆ ಹಾಯುವಾಗೆಲ್ಲ ಬೀರೋಬನಿಗೆ ಮೂರು ಸಲ ಅದನ್ನು ಎತ್ತಿ ಇಳಿಸುತ್ತಿದ್ದ. ಓಣಿಯ ಮಕ್ಕಳು ಆಟದಲ್ಲಿ ಅವನನ್ನು ಅಣಕಿಸುವುದೇ ಹಾಗೆ. ಪೊಲೀಸರ ಸಾಕ್ಷಿ ಕಲ್ಲಣ್ಣ, ಜಿನ್ನಿನ ತೂಕದ ಗುಮಾಸ್ತ, ಜಬಾನಿಯಲ್ಲಿ ಹೇಳಿದ್ದೂ ಅದನ್ನೇ: ಗೇಟಿನ ಸಂದಿಯಿಂದ ನೋಡಿದೆ, ಮುಖ ಕಾಣಲಿಲ್ಲ, ಆದರೆ ಬೀರೋಬನ ಮುಂದೆ ಮೂರು ಸಲ ಕಂದೀಲು ಎದ್ದಿತು, ಅದಕ್ಕೇ ಧೂಳಪ್ಪ ಎಂದು ಗುರುತು ಹಿಡಿದೆ.

"ಗಾಜು ಸುಳ್ಳು ಹೇಳೂದಿಲ್ರಿ," ಎಂದರು ಮಾಸ್ತರರು ಮೆಲ್ಲಗೆ.

ನಾನು ಮಾತು ತಪ್ಪಿಸಲು ಗಾಜಿನ ಬಲ ಮೂಲೆಗೆ ಬೆರಳು ತೋರಿದೆ. ಹೊಂಡದ ದಂಡೆಗೆ, ಗಿರಣಿಯ ಕಪ್ಪು ಕಿಟಕಿಯ ಮುಂದೆ, ಒಂದು ಬಿಳಿ ಉದ್ದನೆಯ ಆಕಾರ ನಿಂತಿತ್ತು. "ಇದೇನು?"

"ಕಂಬ ಇರಬೇಕು," ಎಂದರು. ನಾನು ಕೇಳಿ ಮುಗಿಸುವ ಮೊದಲೇ ಎಂದರು.

ಬೀರವ್ವ ಎದ್ದು ಹತ್ತಿರ ಬಂದಿದ್ದಳು. ಅವಳಿಗೆ ಏನು ಹೇಳಲಿ? ಹಸಿದ ಹೆಂಗಸಿನ ಮುಂದೆ ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ಕಂದೀಲು ಕಾಣ್ತದ ತಂಗಿ. ಬೀರೋಬಗ ಮೂರು ಸಲ ಎತ್ಯಾನ."

ಅವಳು ಅಳಲಿಲ್ಲ. ನಾನು ಒಳಗೆ ಹೋಗಿ ಜಗುಲಿಯ ಮೇಲಿನ ಭಂಡಾರದ ಡಬ್ಬಿ ತಂದೆ. ಕಳೆದ ವರ್ಷ ಅವಳೇ ಮೈಲಾರಕ್ಕೆ ಹೋಗಿ ತಂದು ಕೊಟ್ಟ ಅರಿಶಿಣ ಅದು. "ನಿನ್ನ ದೇವರದ ಅದ. ಹಣಿಗೆ ಹಚ್ಚಿಕೋ. ಗಟ್ಟಿ ಆಗು."

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ್ರಿ ಅಕ್ಕಾರ. ಸೂತಕ ಐತಿ."

"ಯಾರದು?"

"ನಮ್ಮ ಮಾಂವನ ತಮ್ಮ ತೀರ್ಕೊಂಡಾನಲ್ರಿ ತಡವಳದಾಗ, ಹ್ವಾದ ಶುಕ್ರಾರ. ಇಂದಿಗೆ ಎಂಟು ದಿನ. ಇನ್ನೂ ಎರಡು ದಿನ ಭಂಡಾರ ಮುಟ್ಟಂಗಿಲ್ಲ, ದೇವರಿಗೆ ದೀಪ ತೋರ್ಸಂಗಿಲ್ಲ. ಅದಕ್ಕ ನೋಡ್ರಿ, ಆ ರಾತ್ರಿ ನಮ್ಮಂವ ಬೇವಿನ ಬುಡಕ ಮಲಗಲಿಲ್ಲ. ದೇವರ ನೆಳ್ಳ ಬ್ಯಾಡಂತ ಕಂದೀಲು ಗೇಟಿನ ಮೊಳಿಗೆ ಹಾಕಿ, ಕಂಬಳಿ ಹೊತ್ಕೊಂಡು ಹೊರಗ ಮಣ್ಣಿನ ದಿಬ್ಬದ ಹಿಂದ ಹೋಗಿ ಬಿದ್ದಾನ. ಹೇಳಿದ್ರ ಪೊಲೀಸ್ ಫೌಜದಾರ್ರು ನಕ್ಕರಂತ."

ಡಬ್ಬಿ ನನ್ನ ಕೈಯಲ್ಲೇ ಉಳಿಯಿತು.

ಧೂಳಪ್ಪನ ಚಿಕ್ಕಪ್ಪ ಸತ್ತದ್ದು ನನಗೆ ಗೊತ್ತಿತ್ತು. ಓಣಿಗೆಲ್ಲ ಗೊತ್ತಿತ್ತು. ಶನಿವಾರ ಅವನು ಮಣ್ಣಿಗೆ ಹೋಗಲು ರಜೆ ಕೇಳಿ, ಕಲ್ಲಣ್ಣ ಕೊಡದೆ, ನನ್ನ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡದ್ದೂ ಗೊತ್ತಿತ್ತು. ಆದರೂ ಹೊಳೆಯಲಿಲ್ಲ. ಏಕೆಂದರೆ ನಾವು ಲಿಂಗವಂತರು. ನಮ್ಮ ಮನೆಯಲ್ಲಿ ಹೆಣವಿದ್ದರೂ ಲಿಂಗಪೂಜೆ ನಿಲ್ಲುವುದಿಲ್ಲ, ಸೂತಕವೆಂಬುದೇ ನಮಗಿಲ್ಲ. ನಮ್ಮಲ್ಲಿ ಇಲ್ಲದ್ದು ಇನ್ನೊಬ್ಬರ ಮನೆಯಲ್ಲಿ ಎಷ್ಟು ಗಟ್ಟಿಯಾಗಿ ಇರುತ್ತದೆಂದು ನೆನಪಾಗುವುದು ಕಷ್ಟ.

ವಾಗದರಿಯ ಕಲ್ಲಣ್ಣನೂ ಲಿಂಗವಂತ.

"ಮಾಸ್ತರ, ಗಾಜು ಇತ್ತ ಕೊಡ್ರಿ," ಎಂದೆ. "ಈ ಎಳಿ ನಡುವ ಅಡಗೇದಲ್ಲ, ಆ ರಾಶಿ ಯಾವುದು?"

"ಹತ್ತಿ ಮೂಟಿ, ಅಂಡಿಗಿ. ಎರಡಾಳು ಎತ್ತರ ಒಟ್ಟಿದ್ರು. ಗೇಟಿಗೂ ಮರಕ್ಕೂ ನಟ್ಟ ನಡುವ."

"ಈಗ ಅಲ್ಲಿ ಇಲ್ಲ."

"ಮಂಗಳವಾರ ನಸುಕಿನ್ಯಾಗ ಸ್ಟೇಷನ್ನಿಗೆ ಹ್ವಾದುವಲ್ರಿ."

ಹೌದು, ಹೋದವು. ಹನ್ನೊಂದು ಬಂಡಿಯವರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟವಳು ನಾನೇ. ಒಂಬತ್ತಕ್ಕೆ ಜಿನ್ನಿನ ಹೆಂಗಸರು ಹೊಂಡದಲ್ಲಿ ಹೆಣ ಕಂಡು ಚೀರಿದರು, ಹತ್ತಕ್ಕೆ ಫೌಜದಾರರು ಬಂದರು. ಅವರು ಗೇಟಿನ ಸಂದಿಯಿಂದ ನೋಡಿದಾಗ ಅಂಗಳ ಬಯಲಾಗಿತ್ತು, ಬೀರೋಬನ ಕಲ್ಲು ಅಂಗೈ ಮೇಲಿನ ಲಿಂಗದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಸೋಮವಾರ ರಾತ್ರಿ ಅಲ್ಲಿ ನಿಂತವನಿಗೆ ಹತ್ತಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಹಾಗಾದರೆ ಕಂದೀಲು ಮೂರು ಸಲ ಎದ್ದದ್ದು ಕಲ್ಲಣ್ಣನಿಗೆ ಗೊತ್ತಾದದ್ದು ಹೇಗೆ? ನನ್ನ ಮಾಳಿಗೆಯ ಮೇಲೆ ಆ ಹೊತ್ತಿಗೆ ಕ್ಯಾಮೆರಾ ಬಿಟ್ಟರೆ ಯಾರೂ ಇರಲಿಲ್ಲ. ಮಾಸ್ತರರು ಕ್ಯಾಮೆರಾದ ಕಣ್ಣು ತೆರೆದಿಟ್ಟು ಕೆಳಗಿಳಿದು ಬೀದಿ ಸುತ್ತಿ ಬರುವವರು; ಅರ್ಧ ತಾಸು ಸುಮ್ಮನೆ ಕೂರುವುದು ಅವರಿಗಾಗದು.

ಎತ್ತಿದವನಿಗಷ್ಟೇ ಗೊತ್ತಿರಬೇಕು.

"ಇದನ್ನ ಕಾಗದಕ್ಕ ಇಳಸ್ರಿ," ಎಂದೆ.

"ಬಿಸಿಲು ಬೇಕ್ರಿ. ಗಾಜೂ ಒಣಗಬೇಕು. ನಾಳೆ ಮುಂಜಾನೆ."

"ಹಂಗಿದ್ರ ಇವತ್ತು ಅದ ಜಾಗಾದಿಂದ, ಅದ ಹೊತ್ತಿಗೆ ಇನ್ನೊಂದು ತಗೀರಿ. ಅಂಡಿಗಿ ಇದ್ದದ್ದೊಂದು, ಇಲ್ಲದ್ದೊಂದು. ಎರಡೂ ಮುಂದಿಟ್ರ ಫೌಜದಾರ್ರು ಏನ್ ಅಂತಾರ ನೋಡೂಣು."

ಮಾಸ್ತರರು ಗಾಜಿನ ಬಲ ಮೂಲೆಯನ್ನು ಮತ್ತೊಮ್ಮೆ ನೋಡಿದರು. "ಆಗಲಿ," ಎಂದರು.

*

ಸಂಜೆ ನೀರಿನ ನೆವ ಮಾಡಿ ಕೊಡ ಹೊತ್ತು ಜಿನ್ನಿನ ಹೊಂಡಕ್ಕೆ ಹೋದೆ. ನಾಗಣ್ಣನ ಹೆಣ ತೇಲಿದ ನೀರು, ತುಂಬಲು ಮನಸ್ಸಾಗಲಿಲ್ಲ. ದಂಡೆಯ ಸುತ್ತ ಒಂದು ಸುತ್ತು ಹಾಕಿದೆ.

ಅಲ್ಲಿ ಕಂಬವಿರಲಿಲ್ಲ. ಕಂಬ ಕಿತ್ತ ಗುಂಡಿಯೂ ಇರಲಿಲ್ಲ. ಹಳೆಯ ಕಲ್ಲು ಹಾಸು, ಅದರ ಸಂದಿಯಲ್ಲಿ ವರ್ಷಗಳಿಂದ ಬೆಳೆದ ಗರಿಕೆ.

ಹಾಗಾದರೆ ಮಾಸ್ತರರು ಹೇಳಿದ ಕಂಬ ಯಾವುದು? ಆದರೆ ಒಂದು ಹಂಚಿನ ಮೇಲೆ ಒಂದೇ ರೊಟ್ಟಿ ಬೇಯುತ್ತದೆ. ಮೊದಲು ಕಲ್ಲಣ್ಣ ಎಂದುಕೊಂಡು ಖಾಲಿ ಕೊಡ ಹೊತ್ತು ಬಂದೆ.

ಸಿದ್ರಾಮ ಜಮಾದಾರ ಪೊಲೀಸರಲ್ಲಿ ನನಗೆ ಗೊತ್ತಿದ್ದ ಒಬ್ಬನೇ ನೆಟ್ಟಗಿನ ಮನುಷ್ಯ. ಆರು ವರ್ಷದಿಂದ ನನ್ನಲ್ಲಿ ಉಣ್ಣುತ್ತಾನೆ, ಒಂದು ದಿನವೂ ವರ್ದಿಯ ಗತ್ತಿನಲ್ಲಿ ಹೆಚ್ಚಿನ ತುಪ್ಪ ಕೇಳಿದವನಲ್ಲ. ಅವನನ್ನು ಅಡಿಗೆಮನೆಯ ಬಾಗಿಲ ಹಿಂದೆ ಕೂರಿಸಿದೆ. ಪಕ್ಕಕ್ಕೆ ಬೀರವ್ವ.

"ಬಾಯಿ, ಹೇ ಕಾಯ? ಏನಿದು? ನನ್ನ ನೌಕರಿ ಹೋಗತದ," ಎಂದು ಗೊಣಗಿದ.

"ಹ್ವಾದ್ರ ಇಲ್ಲಿ ಪಲ್ಯಾ ಹೆಚ್ಚಾಕ ಬಾ. ಈಗ ಸುಮ್ಮ ಕೂತು ಕೇಳು."

ಏಳೂವರೆಗೆ ಕಲ್ಲಣ್ಣ ಬಂದ. ಹಸನಾದ ಧೋತರ, ಮಡಿಕೆ ಮುರಿಯದ ಕೋಟು, ಹಣೆಗೆ ವಿಭೂತಿ. ತೂಕದ ಗುಮಾಸ್ತ, ಎಲ್ಲದರಲ್ಲೂ ಅಳತೆ ತಪ್ಪದವನು. ಒದ್ದೆ ಹತ್ತಿಯನ್ನು ಒಣ ಹತ್ತಿಯೆಂದು ತೂಗುತ್ತಾನೆ ಎಂಬ ಗುಸುಗುಸು ಮಾತ್ರ ಇತ್ತು, ನಾಗಣ್ಣ ಅದನ್ನೇ ಜಿನ್ನಿನ ಮಾಲೀಕ ಶೇಟಜಿಗೆ ಹೇಳಲು ಹೊರಟಿದ್ದನೆಂಬ ಮಾತೂ ಇತ್ತು.

ಉಳಿದವರೆಲ್ಲ ಉಂಡೆದ್ದ ಮೇಲೆ ಅವನಿಗೆ ಮತ್ತೊಂದು ರೊಟ್ಟಿ ಹಾಕಿದೆ. ಮೇಲೆ ಮಾಳಿಗೆಯಲ್ಲಿ ಮಾಸ್ತರರ ಹೆಜ್ಜೆ, ಅವರ ಮೂರು ಕಾಲಿನ ಸ್ಟ್ಯಾಂಡು ನೆಲಕ್ಕೆ ಊರಿದ ಸದ್ದು ಕೇಳಿಸಿತು.

"ಮ್ಯಾಲ ಯಾರ್ರಿ ಬಾಯಾರ?"

"ನಮ್ಮ ಮಾಸ್ತರ. ಚಂದ್ರನ ಫೋಟೋ ತಗೀತಾರಂತ."

"ಹುಚ್ಚಪ್ಯಾಲಿ ಮಾಸ್ತರ," ಎಂದು ನಕ್ಕ. "ಹೆಂಡ್ತಿ ಇಲ್ಲದಾಂವ ಚಂದ್ರನ್ನರ ನೋಡಬೇಕಲ್ಲ."

ನಾನೂ ನಕ್ಕೆ. ಎಣ್ಣೆಗಾಯಿ ಬಡಿಸಿದೆ. "ನಾಳೆ ನೀವ ಸಾಕ್ಷಿ ಅಂತಲ್ರಿ ಕಲ್ಲಣ್ಣ?"

"ಏನ್ ಮಾಡೂದ್ರಿ. ಕಂಡದ್ದು ಹೇಳಬೇಕು. ಬಡವ ಪಾಪ. ಆದರ ಖರೇ ಅಂದ್ರ ಖರೇನ."

"ಗೇಟಿನ ಸಂದ್ಯಾಗಿಂದ ಕಂಡ್ರಿ?"

"ಹೌದ್ರಿ. ಮನಿಗೆ ಹೊಂಟಿದ್ದೆ. ಕಂದೀಲು ಹೊಂಡದ ಕಡಿ ಹೋಗೂದು ಕಾಣಸ್ತು."

"ಬೀರೋಬಗ ಎತ್ತಿದ್ದೂ ಕಂಡ್ರಿ?"

"ಮೂರು ಸಲ. ಎಣಿಸೀನಿ."

"ದಿನಾ ಹಂಗ ಎತ್ತಾಂವ ಅವ."

"ದಿನಾ ಎತ್ತಾಂವ. ಅದಕ್ಕ ಗುರ್ತು ಸಿಕ್ತು."

ನಾನು ಅವನೆದುರು ಮಣೆ ಎಳೆದು ಕೂತೆ. ಹದಿನಾಲ್ಕು ವರ್ಷದಿಂದ ಗಂಡಸರಿಗೆ ಬಡಿಸುತ್ತಿದ್ದೇನೆ. ತಪ್ಪು ಮಾಡಿದವನ ಅಂಜಿಕೆ ಮೊದಲು ಉಣ್ಣದ ಎಡಗೈಯಲ್ಲಿ ಗೊತ್ತಾಗುತ್ತದೆ. ಕಲ್ಲಣ್ಣನ ಎಡಗೈ ತೊಡೆಯ ಮೇಲೆ ಬಿಡಿಸಿಕೊಂಡೇ ಇತ್ತು, ಇನ್ನೂ ನೆಮ್ಮದಿಯಲ್ಲಿದ್ದ.

"ಧೂಳಪ್ಪಗ ಸೂತಕ ಇತ್ತಲ್ರಿ."

"ಆಂ?"

"ಅವರ ಕಾಕಾ ಸತ್ತು ಅಂದಿಗೆ ನಾಕನೇ ದಿನ. ಮಣ್ಣಿಗೆ ಹೋಗಾಕ ನೀವ ರಜಾ ಕೊಡಲಿಲ್ಲ, ನೆನಪದನಲ್ಲ? ಸೂತಕದಾಗ ಅವರು ದೇವರಿಗೆ ದೀಪ ತೋರ್ಸೂದಿಲ್ರಿ. ಬೀರೋಬನ ನೆಳ್ಳಿಗೂ ಹೋಗೂದಿಲ್ಲ. ಜೀವ ಹೋದ್ರೂ."

ಎಡಗೈ ಮುಷ್ಟಿಯಾಯಿತು.

"ಮರತಿರಬೇಕು," ಎಂದ ಸ್ವಲ್ಪ ತಡೆದು. "ಕೊಲಿ ಮಾಡೂ ಹೊತ್ತಿನ್ಯಾಗ ಯಾರಿಗೆ ಸೂತಕ ನೆನಪಿರತದ?"

"ಸೂತಕ ಮರತಂವಗ ದೇವರಿಗೆ ಎತ್ತೂದು ನೆನಪಿತ್ತೇನು? ಕಲ್ಲಣ್ಣ, ನಮಗ ಸೂತಕಿಲ್ಲ. ಅದಕ್ಕ ನನಗೂ ನಾಕು ದಿನ ಹೊಳೀಲಿಲ್ಲ. ಕಂದೀಲು ಎತ್ತಿದಂವಗ ಆ ರಾತ್ರಿನೂ ಹೊಳೀಲಿಲ್ಲ. ಅಂವ ನಮ್ಮಂಥಾವನ ಇರಬೇಕು."

"ಬಾಯಾರ, ಮಾತು ಹಿಡದು ಆಡ್ರಿ."

"ಹಿಡದ ಆಡಾಕತ್ತೀನಿ. ಇನ್ನೊಂದು ಮಾತು. ಗೇಟಿಗೂ ಮರಕ್ಕೂ ನಡುವ ಅವತ್ತು ಅಂಡಿಗಿ ಒಟ್ಟಿದ್ರಲ್ಲ, ಎರಡಾಳು ಎತ್ತರ. ಅದರ ಆಚಿಗಿಂದು ಹೆಂಗ ಕಂಡ್ರಿ?"

"ಅಂಡಿಗಿ ಇರಲಿಲ್ಲ. ಸೋಮವಾರ ಮಧ್ಯಾಹ್ನನ ಹೋಗಿದ್ದು."

"ಮಂಗಳವಾರ ನಸುಕಿನ್ಯಾಗ ಬಂಡಿಯವರಿಗೆ ಬುತ್ತಿ ಕಟ್ಟಿದಾಕಿ ನಾನು."

"ನಿಮಗ ವಯಸ್ಸಾಗೇದ. ದಿನಾ ತಪ್ಪಿರಬೇಕು." ಅವನು ಕೈ ತೊಳೆಯದೆ ಎದ್ದ. "ಖಾನಾವಳಿ ಹೆಂಗಸಿನ ಮಾತು ಮ್ಯಾಜಿಸ್ಟ್ರೇಟರ ಮುಂದ ನಡೀತದನು?"

"ನನ್ನ ಮಾತು ನಡೀಲಿಕ್ಕಿಲ್ಲ. ಇದು ನಡೀತದ."

ಮಾಡದಲ್ಲಿ ಬಟ್ಟೆ ಸುತ್ತಿಟ್ಟಿದ್ದ ಗಾಜನ್ನು ತೆಗೆದೆ. ಚಿಮಣಿ ದೀಪದ ಬೆಳಕಿಗೆ ಹಿಡಿದು ತೋರಿಸಿದೆ. ಅಂಡಿಗೆ ರಾಶಿ, ಬೇವಿನ ಮರ, ಮೂರು ಸಲ ಎದ್ದ ಎಳೆ. ಅವನು ಬಗ್ಗಿ ನೋಡಿದ. ಹಣೆಯ ವಿಭೂತಿಯ ಮೇಲೆ ಬೆವರು ಒಡೆಯಿತು.

"ಎಲ್ಲಿ, ಸರಿಯಾಗಿ ನೋಡ್ತೀನಿ," ಎಂದು ಕೈ ಚಾಚಿದ.

ನಾನು ಕೊಟ್ಟೆ. ಅದು ನನ್ನ ತಪ್ಪು. ಹದಿನಾಲ್ಕು ವರ್ಷದಿಂದ ಚಾಚಿದ ಕೈಗೆ ಕೊಟ್ಟೇ ರೂಢಿ.

ಅವನು ಅದನ್ನು ರುಬ್ಬುಗುಂಡಿನ ಮೇಲೆ ಎಸೆದ. ಸಣ್ಣ ಸದ್ದು. ಅಷ್ಟೇ. ಚೂರುಗಳ ಮೇಲೆ ಚಪ್ಪಲಿ ಮೆಟ್ಟಿ ತಿಕ್ಕಿದ, ಪುಡಿಯಾಗುವವರೆಗೆ.

"ಈಗ ತೋರಸ್ರಿ," ಎಂದ.

ಅಡಿಗೆಮನೆಯ ಬಾಗಿಲು ತೆರೆಯಿತು. ಸಿದ್ರಾಮ ಜಮಾದಾರ ಬಂದ. ಅವನ ಬೆನ್ನಿಗೆ ಬೀರವ್ವ.

"ಪುರಾವಾ ಒಡದ್ರ ಅದೂ ಒಂದು ಪುರಾವಾ ಆಗತದ, ಗುಮಾಸ್ತರ," ಎಂದ ಜಮಾದಾರ. "ಬಂಡಿಯವರು ಹನ್ನೊಂದು ಮಂದಿ ಇದ್ದಾರ. ಅಂಡಿಗಿ ಎಂದು ಹೋದ್ವು ಅಂತ ರೈಲ್ವೆ ಮಾಲು ಏರಿಸೂ ಧಕ್ಕಿಯ ಚೀಟಿ ಹೇಳತದ. ಕಣ್ಣಿಗೆ ಕಾಣದ್ದನ್ನ ನೀವು ಹೆಂಗ ಎಣಿಸಿದ್ರಿ, ಈಗ ಅದನ್ನ ಫೌಜದಾರ ಸಾಹೇಬರ ಮುಂದ ಹೇಳ್ರಿ. ನಾಳೆ ಧೂಳಪ್ಪನ ಜಾಗಾದಾಗ ನೀವು."

ಕಲ್ಲಣ್ಣ ಗೋಡೆಗೆ ಒರಗಿದ. ಕೋಟಿನ ಮಡಿಕೆ ಮೊದಲ ಬಾರಿಗೆ ಮುರಿಯಿತು.

ಬೀರವ್ವ ಅವನ ಹತ್ತಿರ ಹೋಗಿ ನಿಂತಳು. ಬೈಯಲಿಲ್ಲ. "ಧಣಿ," ಎಂದಳು, "ರಜಾ ಕೊಟ್ಟಿದ್ರ ನಮ್ಮಂವ ಅವತ್ತು ಊರಾಗ ಇರತಿದ್ದ. ನೀವು ಬ್ಯಾರೆ ಯಾರ ಮ್ಯಾಲರ ಹಾಕಬೇಕಾಗತಿತ್ತು. ಅದಕ್ಕ ಕೊಡಲಿಲ್ಲೇನ್ರಿ?"

ಅವನು ಅವಳ ಮುಖ ನೋಡಲಾರದೆ ನನ್ನ ಕಡೆ ತಿರುಗಿದ. ದನಿ ಒಡೆದಿತ್ತು.

"ಬಾಯಾರ, ನೀವರ ಹೇಳ್ರಿ. ನಾಗಣ್ಣ ಅಂದ್ರ ಎಂಥಾ ಆಳು! ನನ್ನಂಥಾಂವ ಒಂದು ಕೈಯಾಗ ಕಂದೀಲು ಹಿಡದು ಅವನ ತಲಿ ಒಡದು ನೀರಿಗೆ ಹಾಕಲಿಕ್ಕೆ ಆಗತದೇನು? ನಾ ಕಂದೀಲು ಹಿಡದೆ. ಲಿಂಗದಾಣಿ, ಅಷ್ಟ ನಾ ಮಾಡಿದ್ದು. ಧೂಳಪ್ಪನ ಹಂಗ ಎತ್ತಿ ಇಳಿಸಿ ನಡಿ, ನೋಡಿದವರು ಅವನ ಅಂತಾರ ಅಂತ ಇನ್ನೊಬ್ಬಾಂವ ಹೇಳಿದ, ಎತ್ತಿದೆ. ನಾಗಣ್ಣ ಕಂದೀಲು ನೋಡಿ, ಧೂಳಪ್ಪ ಕರದಾನಂತ ತಿಳದು ಹೊಂಡಕ್ಕ ಬಂದ. ಬಡದಾಂವ ಅಲ್ಲೇ ಕಾದು ನಿಂತಿದ್ದ. ಅರ್ಧ ತಾಸಿನಿಂದ ನಿಂತಿದ್ದ. ಕಲ್ಲಿನಂಗ."

"ಯಾರು?" ಎಂದ ಜಮಾದಾರ.

"ಅಕ್ಕಲಕೋಟಿನಿಂದ ಬಂದಿದ್ದ. ಸಂಜಿ ಗಾಡಿಗೆ. ಒದ್ದಿ ಹತ್ತಿ ವ್ಯಾಪಾರ ಅವನದ, ನಾ ಬರೇ ತೂಗಾಂವ."

"ಹೆಸರು ಹೇಳು."

"ಅದೊಂದು ಕೇಳಬ್ಯಾಡ್ರಿ. ನನಗ ಮಕ್ಕಳದಾವ." ಅವನು ತಲೆಯ ಮೇಲೆ ಕೈಯಿಟ್ಟು ಗೋಡೆಗುಂಟ ಜಾರಿ ಕೂತುಬಿಟ್ಟ. ಜಮಾದಾರ ಹೆಗಲು ಹಿಡಿದು ಅಲುಗಾಡಿಸಿದ. ಮತ್ತೊಂದು ಮಾತು ಬರಲಿಲ್ಲ.

ನನಗೆ ಹೊಂಡದ ದಂಡೆಯ ಬಿಳಿ ಆಕಾರ ಕಣ್ಣ ಮುಂದೆ ಬಂತು. ಅಲುಗಾಡದೆ ನಿಂತದ್ದು ಮೂಡುತ್ತದೆ ಎಂದಿದ್ದರು ಮಾಸ್ತರರು. ಇಲ್ಲದ ಕಂಬ ಅದು. ನಾನು ಕೇಳಿ ಮುಗಿಸುವ ಮೊದಲೇ ಅವರು ಉತ್ತರ ಕೊಟ್ಟಿದ್ದರು. ಬೆರಳು ನಡುಗಿದ್ದು ಚಳಿಗಲ್ಲ. ಗಾಜು ತೊಳೆದು ಬೆಳಕಿಗೆ ಹಿಡಿದಾಗಲೇ ಅವರಿಗೆ ಆ ಮನುಷ್ಯನ ಗುರುತು ಸಿಕ್ಕಿತ್ತು. ಡ್ರಾಯಿಂಗ್ ಮಾಸ್ತರ, ಒಬ್ಬ ಮನುಷ್ಯ ನಿಲ್ಲುವ ರೀತಿ ನೋಡಿ ಯಾರೆಂದು ಹೇಳಬಲ್ಲವರು.

"ಮಾಸ್ತರ!" ಎಂದು ಕೂಗಿದೆ. "ಮಾಸ್ತರ, ಕೆಳಗ ಬರ್ರಿ!"

ಮೇಲೆ ಹೆಜ್ಜೆ ಕೇಳಿಸಲಿಲ್ಲ. ಅದು ಯಾವಾಗಿನಿಂದ ಕೇಳಿಸುತ್ತಿಲ್ಲ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಎಣ್ಣೆಗಾಯಿ ಬಡಿಸುವಾಗ ಇತ್ತು. ಗಾಜು ಒಡೆದಾಗ? ನಾನು ಲಕ್ಷ್ಯ ಕೊಟ್ಟಿರಲಿಲ್ಲ.

ಚಿಮಣಿ ಹಿಡಿದು ಹೊರಗಿನ ಮೆಟ್ಟಿಲು ಹತ್ತಿದೆ. ಆ ಮೆಟ್ಟಿಲಿಗೆ ಬಾಗಿಲಿಲ್ಲ. ಬೀದಿಯಿಂದ ಯಾರು ಬೇಕಾದರೂ ಹತ್ತಬಹುದು.

ಮಾಳಿಗೆಯ ಮೇಲೆ ಸ್ಟ್ಯಾಂಡು ಮೂರು ಕಾಲೂರಿ ನಿಂತಿತ್ತು. ಅದರ ತಲೆಯ ಮೇಲೆ ಕ್ಯಾಮೆರಾ ಇರಲಿಲ್ಲ. ಮಾಸ್ತರರ ಮಫ್ಲರು ನೆಲದ ಮೇಲೆ ಬಿದ್ದಿತ್ತು. ಒಂದು ಚಪ್ಪಲಿ ಮೆಟ್ಟಿಲ ಹತ್ತಿರ, ಇನ್ನೊಂದು ಕಾಣಲಿಲ್ಲ.

ಚಿಮಣಿ ಎತ್ತಿ ಸ್ಟ್ಯಾಂಡಿನ ತಲೆ ನೋಡಿದೆ. ಕ್ಯಾಮೆರಾ ಕೂರಿಸುವ ಹಿತ್ತಾಳೆಯ ತಿರುಪು ಇನ್ನೂ ಅಲ್ಲೇ ಇತ್ತು, ಬಿಗಿಯಾಗಿ. ಅದಕ್ಕೆ ಒಂದು ಸೀಳು ಕಟ್ಟಿಗೆ ಕಚ್ಚಿಕೊಂಡಿತ್ತು. ಮಾಸ್ತರರು ಆ ತಿರುಪನ್ನು ಎಂಟು ಸುತ್ತು ತಿರುಗಿಸಿ, ಮಗುವನ್ನು ತೊಟ್ಟಿಲಿನಿಂದ ಎತ್ತುವಂತೆ ಕ್ಯಾಮೆರಾ ಎತ್ತುವವರು. ಇದನ್ನು ತಿರುಗಿಸಿರಲಿಲ್ಲ. ಯಾರೋ ಕಿತ್ತಿದ್ದರು.

ಕೆಳಗೆ ಬೀರವ್ವ ಮೊದಲ ಬಾರಿಗೆ ಅಳುತ್ತಿದ್ದಳು. ಗಂಡ ಉಳಿದನೆಂದು ಜಮಾದಾರ ಹೇಳಿರಬೇಕು.

ಆ ರಾತ್ರಿ ಗಳಿಸಿದ್ದು ಧೂಳಪ್ಪನ ಕೊರಳು. ಕಳೆದದ್ದು ನಾಲ್ಕಾಣೆಯ ಒಂದು ಗಾಜು, ಅದರ ಮೇಲೆ ನಿಂತಿದ್ದ ಮನುಷ್ಯ, ಅವನ ಹೆಸರು ಹೇಳಬಲ್ಲ ಅಮೃತಪ್ಪ ಮಾಸ್ತರರು. ಅವರನ್ನು ಆ ಮಾಳಿಗೆ ಹತ್ತಿಸಿದವಳು ನಾನು.